ಗೆಳೆಯರ ಎಳ್ಳಮಾಸಿ ಹೇಗೆ ನಿಲ್ಲುತ್ತದೆ



ಎಳ್ಳಮಾಸಿ ಎಂದರೇನು ಎಂದು ತಮಗೆ ಹೇಳುವ ಅಗತ್ಯವಿಲ್ಲ. ವಲಾಂಡಿ, ದೇವಣಿ, ನಿಲಂಗಾ, ಉದಗೀರ, ಉಮರಗಾ ಕಡೆಯ ಯಾವ ಊರಿನ ಮಗುವನ್ನು ಕೇಳಿದರೂ ಅದು ಹೇಳುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಹಬ್ಬಕ್ಕೆ ಅಂಟಿಕೊಂಡು ಬಂದ ಒಂದು ಪದ್ಧತಿಯ ಕುರಿತು. ನಾಲ್ಕಾರು ಗೆಳೆಯರ ಮನೆಯವರು ಕೂಡಿ ಪ್ರತಿವರ್ಷ ಒಬ್ಬನ ಹೊಲಕ್ಕೆ ಹೋಗಿ ಎಳ್ಳಮಾಸಿ ಮಾಡುತ್ತಿದ್ದರಲ್ಲ, ಆ ಪದ್ಧತಿ. ಹಬ್ಬ ಗಟ್ಟಿಯಾಗಿಯೇ ಇದೆ. ಗೆಳೆಯರ ಪಂಕ್ತಿ ಮಾತ್ರ ಒಂದೊಂದಾಗಿ ಏಳುತ್ತಿದೆ. ಜಗಳವಾಗಿಲ್ಲ, "ಇನ್ನು ಮುಂದೆ ಬೇಡ" ಎಂದು ಯಾರೂ ಅಂದಿಲ್ಲ, ಆದರೂ ನಿಂತಿದೆ. ಮಾತಿಲ್ಲದೆ ಇದು ಹೇಗೆ ನಿಲ್ಲುತ್ತದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ಮಾತು. ನಮ್ಮ ಮರಾಠಿ ನೆರೆಯವರು ಇದನ್ನು 'ವೇಳ ಅಮಾವಾಸ್ಯಾ' ಎನ್ನುತ್ತಾರೆ, ಮನೆಮಾತಿನಲ್ಲಿ 'ಯೇಳವಸ'. ಮರಾಠಿಯಲ್ಲಿ ವೇಳ ಎಂದರೆ ಹೊತ್ತು. ಹಾಗಾಗಿ ಶಾಲೆಯ ಹುಡುಗರು ಇದಕ್ಕೆ ಹೊತ್ತಿನ ಅರ್ಥ ಹಚ್ಚುತ್ತಾರೆ. ಆದರೆ ಇದು ನಮ್ಮ ಎಳ್ಳ ಅಮಾಸಿಯೇ, ಮರಾಠಿ ನಾಲಿಗೆಯ ಮೇಲೆ ಹೊರಳಿ ಹಾಗಾಗಿದೆ. ಉದಗೀರ, ನಿಲಂಗಾ ತಾಲೂಕುಗಳು ನಿಜಾಮರ ಕಾಲದಲ್ಲಿ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು, ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಇಷ್ಟೊಂದು ಸಲ ಗೆರೆ ಎಳೆದರೂ ಹಬ್ಬ ತುಂಡಾಗಲಿಲ್ಲ. ಆ ದಿನ ಭಾಲ್ಕಿ, ಔರಾದ, ಬಸವಕಲ್ಯಾಣದ ಹೊಲಗಳಲ್ಲೂ ಅದೇ ಭಜ್ಜಿ, ಅದೇ ಅಂಬಲಿ. ರಾಜ್ಯಗಳ ಗೆರೆಯಿಂದ ಆಗದ ಕೆಲಸ ಸಣ್ಣ ಸಣ್ಣ ಅಡಚಣೆಗಳಿಂದ ಆಗಿದೆ. ಅದಕ್ಕೇ ಇದು ಗಮನಿಸಬೇಕಾದ ವಿಷಯ ಎಂದು ನನಗೆ ಅನಿಸಿದೆ.

ಎಳ್ಳಮಾಸಿಯ ದಿನ ಹೊಲದಲ್ಲಿ ಎರಡು ಕೆಲಸ ನಡೆಯುತ್ತವೆ. ಎರಡೂ ಒಂದರೊಳಗೊಂದು ಬೆರೆತಿರುವುದರಿಂದ ನಾವು ಒಂದೇ ಎಂದು ತಿಳಿಯುತ್ತೇವೆ. ಒಂದು ಭೂಮಿಯ ಕೆಲಸ. ಜೋಳದ ಕಣಕಿಯ ಪೆಂಡಿಗಳನ್ನು ನಿಲ್ಲಿಸಿ ಕೊಂಪಿ ಕಟ್ಟುತ್ತೇವೆ, ಅದಕ್ಕೆ ಶಾಲು ಹೊದಿಸುತ್ತೇವೆ. ಒಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಇಡುತ್ತೇವೆ. ಪೂಜೆಯಾದ ಮೇಲೆ ಬೆಳೆಯ ನಡುವೆ ಸುತ್ತಿ ಚರಗ ಚೆಲ್ಲುತ್ತೇವೆ, ಬೇವಿನ ಟೊಂಗೆಯಿಂದ ಅಂಬಲಿ ಚಿಮುಕಿಸುತ್ತೇವೆ. ಗಡಿಗೆಯಲ್ಲಿ ಹಾಲು ಉಕ್ಕಿಸಿ, ಯಾವ ದಿಕ್ಕಿಗೆ ಉಕ್ಕಿತು ಎಂದು ನೋಡುತ್ತೇವೆ. ತುಂಬಿದ ಬಸುರಿಗೆ ಬಯಕೆಯೂಟ ಬಡಿಸುವಂತೆ ತೆನೆಕಟ್ಟಿದ ಭೂಮಿಗೆ ಬಡಿಸುವುದು ಎಂದು ಹಿರಿಯರು ಹೇಳುತ್ತಾರೆ. ಈ ಕೆಲಸಕ್ಕೆ ಒಬ್ಬ ಧಣಿ ಇದ್ದಾನೆ, ಯಾರು ಆ ವರ್ಷ ಹೊಲ ಉಳುತ್ತಾನೋ ಅವನು. ಅವನು ಬಿಟ್ಟರೆ ಅವನ ಮನಸ್ಸಿಗೇ ಅಳುಕು. ಆದ್ದರಿಂದ ಇದು ನಿಲ್ಲುವುದಿಲ್ಲ.

ಇನ್ನೊಂದು, ಚರಗದ ನಂತರದ ಪಂಕ್ತಿ. ಎಳ್ಳಮಾಸಿಯ ದಿನ ಹೊಲ ಇಲ್ಲದವನೂ ಊರಲ್ಲಿ ಕೂತು ಉಣ್ಣಬಾರದು, ಯಾರಾದರೂ ಕರೆಯಬೇಕು. ಶಾಲೆಯ ಮೇಷ್ಟ್ರು, ಅಂಚೆಯವರು, ದರ್ಜಿ, ಬ್ಯಾಂಕಿನವರು, ದಾರಿಯಲ್ಲಿ ಹೋಗುವ ಪರಊರಿನವನು ಕೂಡ ಯಾವುದೋ ಒಂದು ಕೊಂಪಿಯ ಮುಂದೆ ಕೂತಿರಬೇಕು. ಈ ಪಂಕ್ತಿಯೇ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ಗೆಳೆಯರ ಎಳ್ಳಮಾಸಿ ಆಗುವುದು. ಇದಕ್ಕೆ ಧಣಿ ಇಲ್ಲ. ದೇವರ ಭಯವಿಲ್ಲ, ಪಂಚಾಂಗದಲ್ಲಿ ಹೆಸರಿಲ್ಲ. ಎಲ್ಲರದೂ ಆಗಿರುವುದರಿಂದ ಅದನ್ನು ಕಾಯುವ ಹೊಣೆ ಯಾರದೂ ಅಲ್ಲ.

ನಮ್ಮ ಮನೆತನಕ್ಕೆ ಹೊಲವಿಲ್ಲ. ನಾನು ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಆದರೂ ಸುಮಾರು ಇಪ್ಪತ್ತೈದು ವರ್ಷ ಒಂದೇ ಹೊಲದಲ್ಲಿ ಎಳ್ಳಮಾಸಿಯ ಊಟ ಮಾಡಿದ್ದೇನೆ. ನಾವು ನಾಲ್ಕು ಮನೆಯವರು. ಹೊಲದ ಗೆಳೆಯ, ಮರಾಠಿ ಶಾಲೆಯ ಗುರುಜಿ, ಒಬ್ಬ ದರ್ಜಿ, ಮತ್ತು ನಾನು. ದರ್ಜಿಯ ಮನೆಯಲ್ಲಿ ದಖನಿ ಉರ್ದು, ಗುರುಜಿಯ ಮನೆಯಲ್ಲಿ ಮರಾಠಿ, ನಮ್ಮಿಬ್ಬರ ಮನೆಯಲ್ಲಿ ಕನ್ನಡ. ಹೊಲದಲ್ಲಿ ಮೂರೂ ಮಾತು ಒಂದೇ ತಾಟಿನಲ್ಲಿ. ಹಬ್ಬದ ಹಿಂದಿನ ಸಂಜೆ ಹೊಲದ ಗೆಳೆಯ ಮನೆ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಾಳಿ ಹೊಲಕ್ಕ ಬರ್ರಿ, ವೈನಿಗೂ ಹೇಳ್ರಿ" ಎಂದು ಹೋಗುತ್ತಿದ್ದ. ಪ್ರತಿವರ್ಷ ಹೋಗುವವರೇ ಆದರೂ ಕರೆಯದೆ ಹೋಗುವಂತಿರಲಿಲ್ಲ. ಈ ಕರೆಯುವ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಈ ಪಂಕ್ತಿಯ ಭಾರ ಯಾರು ಹೊರುತ್ತಿದ್ದರು ನೋಡೋಣ. ಗಂಡಸರು ಕೊಂಪಿ ಕಟ್ಟಿದ್ದನ್ನೇ ದೊಡ್ಡದಾಗಿ ಹೇಳುತ್ತಾರೆ, ಅದು ಒಂದು ಗಂಟೆಯ ಕೆಲಸ. ಭಜ್ಜಿಯ ಕೆಲಸ ಹಿಂದಿನ ದಿನ ಮಧ್ಯಾಹ್ನದಿಂದ ಶುರು. ಹಸಿ ತೊಗರಿ, ಹಸಿ ಕಡಲೆ, ವಟಾಣಿ, ಅವರೆ ಎಲ್ಲದರ ಸಿಪ್ಪೆ ಬಿಡಿಸಬೇಕು. ಮೆಂತೆ ಸೋಸಬೇಕು, ಬದನೆ, ಗಜ್ಜರಿ ಹೆಚ್ಚಬೇಕು, ಹುಣಸೆ ನೆನೆಹಾಕಬೇಕು. ಅಂಬಲಿಯ ಜೋಳದ ಹಿಟ್ಟು ಹಿಂದಿನ ದಿನವೇ ಕಲಸಿಟ್ಟರೆ ಮಾತ್ರ ಹುಳಿ ಸರಿಯಾಗಿ ಏರುತ್ತದೆ, ಬೆಳಿಗ್ಗೆ ಮಜ್ಜಿಗೆ, ಬೆಳ್ಳುಳ್ಳಿ ಕೂಡಿಸುವುದು. ಸಜ್ಜೆಯ ಉಂಡಿ, ಗೋಧಿ ಹುಗ್ಗಿ, ಶೇಂಗಾ ಹೋಳಿಗೆ, ರೊಟ್ಟಿ. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿದರೆ ಸೂರ್ಯ ಮೇಲೆ ಬರುವಷ್ಟರಲ್ಲಿ ಬುತ್ತಿ ಕಟ್ಟಿ ಮುಗಿಯುತ್ತದೆ. ನಾಲ್ಕು ಮನೆಯ ಹೆಂಗಸರು ಕೆಲಸ ಹಂಚಿಕೊಳ್ಳುತ್ತಿದ್ದರು, ಆದರೆ ದೊಡ್ಡ ಪಾಲು ಹೊಲದ ಮನೆಯವರದೇ. ಇಪ್ಪತ್ತು ಇಪ್ಪತ್ತೈದು ಜನರ ಅಡಿಗೆ. ಪಂಕ್ತಿಯಲ್ಲಿ ಕೂತವರು ಭಜ್ಜಿಯನ್ನು ಹೊಗಳುತ್ತಾರೆ. ಮಾಡಿದವಳ ಮೊಣಕಾಲು ನೋಯುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಒಂದು ಪದ್ಧತಿ ಯಾವಾಗ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ ಅದರ ಹಾಡು, ಪೂಜೆ ನೋಡಬೇಡಿ, ಒಲೆ ಹೊತ್ತಿಸುವವರ ವಯಸ್ಸು ನೋಡಿ.

ಎರಡನೆಯ ಕಾರಣ ಹೊಲದ್ದೇ. ಮೊದಲು ಈ ಕಪ್ಪು ನೆಲದಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ನಿಂತಿರುತ್ತಿತ್ತು. ಎಳ್ಳಮಾಸಿಯ ಹೊತ್ತಿಗೆ ಆಳೆತ್ತರ ಬೆಳೆ, ನಡುವೆ ಕೊಂಪಿ ಕಟ್ಟಿದರೆ ಹೊರಗಿನವರಿಗೆ ಕಾಣಿಸುತ್ತಿರಲಿಲ್ಲ. ನಂತರ ಸೋಯಾಬೀನ್ ಬಂತು. ಲಾತೂರ ಅದರ ದೊಡ್ಡ ಪೇಟೆಯಾಯಿತು. ರೈತನ ಕೈಗೆ ದೀಪಾವಳಿ ಹೊತ್ತಿಗೆ ರೊಕ್ಕ ಬಂತು, ಅದು ತಪ್ಪೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಬೆಳೆಸಾಲ ತೀರುವುದು ನೋಡಿದರೆ ಸಂತೋಷವೇ. ಆದರೆ ಸೋಯಾ ಕೊಯ್ದ ಹೊಲದಲ್ಲಿ ಎಳ್ಳಮಾಸಿಗೆ ಇರುವುದು ಮೊಣಕಾಲಿನಷ್ಟೂ ಎತ್ತರವಿಲ್ಲದ ಕಡಲೆ. ಸೋಯಾದ ಹೊಟ್ಟಿನಿಂದ ಕೊಂಪಿ ಆಗುವುದಿಲ್ಲ. ಕಣಕಿ ಪೆಂಡಿಗಳನ್ನು ಕೊಂಡು ತರಬೇಕು. ಕಣಕಿ ಇಲ್ಲವಾದಾಗ ದನ ಸಾಕುವುದೂ ಕಷ್ಟ. ದೇವಣಿ ತಳಿಯ ಎತ್ತುಗಳಿಗೆ ಹೆಸರಾದ ಸೀಮೆ ನಮ್ಮದು. ಈಗ ಆ ಎತ್ತುಗಳ ಜಾಗದಲ್ಲಿ ಎಷ್ಟೋ ಮನೆಗಳ ಮುಂದೆ ಟ್ರ್ಯಾಕ್ಟರ್ ನಿಂತಿದೆ. ಬಂಡಿಯಲ್ಲಿ ನಾಲ್ಕು ಮನೆಯ ಮಕ್ಕಳು ಒಟ್ಟಿಗೆ ಹೋಗುತ್ತಿದ್ದರು. ಮೋಟಾರ್ ಸೈಕಲ್ ಬಂದ ಮೇಲೆ ಒಂದೊಂದು ಮನೆಯವರು ತಮಗೆ ಅನುಕೂಲವಾದ ಹೊತ್ತಿಗೆ ಹೋಗಿ ಬರತೊಡಗಿದರು. ಆಗಲೇ ಪಂಕ್ತಿ ಎರಡಾಯಿತು, ಬೇಗ ಉಂಡವರದು, ತಡವಾಗಿ ಬಂದವರದು.

ಹೊಲವೂ ಭಾಗವಾಗುತ್ತದೆ. ನಮ್ಮ ಗೆಳೆಯನ ತಂದೆ ಇದ್ದಾಗ ಹದಿನೆಂಟು ಎಕರೆಗೆ ಒಂದೇ ಕೊಂಪಿ. ತಂದೆ ಹೋದ ಮೇಲೆ ಮೂವರು ಅಣ್ಣತಮ್ಮಂದಿರಿಗೆ ಆರಾರು ಎಕರೆ, ಮೂರು ಕೊಂಪಿ, ಮೂರು ಒಲೆ. ಭಜ್ಜಿ ಮಾಡುವ ಕೈಗಳೂ ಮೂರು ಕಡೆ ಹಂಚಿಹೋದವು. ಉಣ್ಣುವ ನಾವು ಮಾತ್ರ ಅಷ್ಟೇ ಜನ.

ಮೂರನೆಯದು ರಜೆಯ ಕಾರಣ. ಲಾತೂರ ಜಿಲ್ಲೆಯಲ್ಲಿ ಎಳ್ಳಮಾಸಿಗೆ ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಕೊಡುವ ರೂಢಿ ಇದೆ. ಅಂದು ಲಾತೂರ ಪಟ್ಟಣದ ಪೇಟೆಯೇ ಬಿಕೋ ಎನ್ನುತ್ತದೆ. ಆದರೆ ಬ್ಯಾಂಕಿನ ರಜೆ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಬರತಕ್ಕದ್ದು, ಸ್ಥಳೀಯ ರಜೆಯಿಂದ ಬ್ಯಾಂಕು ಮುಚ್ಚುವುದಿಲ್ಲ. ಊರೆಲ್ಲ ಹೊಲಕ್ಕೆ ಹೋದಾಗ ಬ್ಯಾಂಕಿನವನು ಗಿರಾಕಿಯಿಲ್ಲದ ಕೌಂಟರಿನಲ್ಲಿ ಕೂತಿರುತ್ತಾನೆ. ಇನ್ನೊಂದು ತೊಡಕು ಇತ್ತು. ನಮ್ಮ ಪಂಚಾಂಗಕ್ಕೆ ಅಧಿಕ ಮಾಸ ಬರುವುದರಿಂದ ಎಳ್ಳಮಾಸಿ ಒಂದು ವರ್ಷ ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಗೆ ಸರಿಯುತ್ತದೆ. 2024ರಲ್ಲಿ ಅದು ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಒಮ್ಮೆ, ಹೀಗೆ ಎರಡು ಸಲ ಬಂತು. ಮೊದಲು ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು, 1989ರಿಂದ ಅದು ಮಾರ್ಚ್ 31 ಆಯಿತು. ಅದಕ್ಕೆ ಮೊದಲು ಎಳ್ಳಮಾಸಿ ಡಿಸೆಂಬರಿನ ಕೊನೆಗೆ ಬಂದರೆ ರಜೆ ಕೇಳುವ ಧೈರ್ಯ ಯಾವ ಗುಮಾಸ್ತನಿಗೂ ಇರುತ್ತಿರಲಿಲ್ಲ. ನಾನು ಸಂಜೆ ಸೈಕಲ್ ಹತ್ತಿ ಹೋಗಿ, ಕಣಕಿಯ ಸೂಡಿ ಹೊತ್ತಿಸಿ ಹುಡುಗರು ಓಡುವ ಹೊತ್ತಿಗೆ ಹೊಲ ಮುಟ್ಟಿ ತಣ್ಣಗಿನ ಭಜ್ಜಿ ಉಂಡದ್ದುಂಟು. ತಣ್ಣಗಿನ ಭಜ್ಜಿಯೇ ಹೆಚ್ಚು ರುಚಿ ಎಂಬುದು ಬೇರೆ ಮಾತು.

ಮಕ್ಕಳ ಕಾಲಕ್ಕೆ ಇದು ಇನ್ನೂ ಬಿಗಿಯಾಯಿತು. ನಮ್ಮ ಜಿಲ್ಲೆಯ ಓದಿಗೆ 'ಲಾತೂರ ಪ್ಯಾಟರ್ನ್' ಎಂದು ಮಹಾರಾಷ್ಟ್ರದಲ್ಲೆಲ್ಲ ಹೆಸರು. ಹನ್ನೆರಡನೆಯ ಕ್ಲಾಸಿನ ಮಕ್ಕಳಿಗೆ ಡಿಸೆಂಬರ್, ಜನವರಿ ಎಂದರೆ ಪರೀಕ್ಷೆಯ ತಯಾರಿಯ ತಿಂಗಳು. ಮಗು ಲಾತೂರಿನಲ್ಲಿ ರೂಮು ಮಾಡಿಕೊಂಡು ಓದುವಾಗ ತಾಯಿ ಜೊತೆಗಿರುತ್ತಾಳೆ. ಅಂದರೆ ಆ ಎರಡು ವರ್ಷ ಆ ಮನೆಯ ಅಡಿಗೆಯ ಕೈ ಊರಲ್ಲಿಲ್ಲ. ಓದು ಮುಗಿದ ಮೇಲೆ ಪುಣೆ, ಹೈದರಾಬಾದ. ಅಲ್ಲಿ ನೌಕರಿ ಮಾಡುವವರು ವರ್ಷಕ್ಕೊಮ್ಮೆ ಊರಿಗೆ ಬರುವುದಾದರೆ ದೀಪಾವಳಿಗೆ ಬರುತ್ತಾರೆ. ಪುಣೆಯ ಕಚೇರಿಯಲ್ಲಿ ಎಳ್ಳಮಾಸಿಯ ರಜೆ ಕೇಳಿದರೆ, ಅದು ಯಾವ ಹಬ್ಬ ಎಂದು ಮೊದಲು ತಿಳಿಸಿ ಹೇಳಬೇಕು.

ಇವೆಲ್ಲ ಕಾರಣಗಳು. ಆದರೆ ಕಾರಣಗಳಿದ್ದ ಮಾತ್ರಕ್ಕೆ ಒಂದು ಪದ್ಧತಿ ಸದ್ದಿಲ್ಲದೆ ನಿಲ್ಲಬೇಕೆಂದಿಲ್ಲ. ನಾಲ್ಕು ಜನ ಕೂತು, "ಈ ವರ್ಷಕ್ಕೆ ಮುಗಿಸೋಣ" ಎನ್ನಬಹುದಿತ್ತು. ಯಾಕೆ ಅನ್ನುವುದಿಲ್ಲ? ಇಲ್ಲಿಯೇ ಆ ಕರೆಯುವ ಮಾತು ಬರುತ್ತದೆ. ಕರೆಯುವವನು "ಈ ಸಲ ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿದರೆ, ಉಣ್ಣಲು ಬರುವವರನ್ನು ತಡೆದಂತಾಗುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಇತ್ತ ಹೊಲವಿಲ್ಲದವನು "ಈ ಸಲ ಇದೆಯೇನು?" ಎಂದು ತಾನಾಗಿ ಕೇಳಿದರೆ, ಊಟ ಬೇಡಿದಂತಾಗುತ್ತದೆ. ಅದೂ ನಾಚಿಕೆಯೇ. ಇಬ್ಬರ ಮರ್ಯಾದೆಯೂ ಇಬ್ಬರ ಬಾಯಿ ಕಟ್ಟುತ್ತದೆ. ಒಳಗೆ ಪ್ರೀತಿ ಕಡಿಮೆಯಾಗಿರುವುದಿಲ್ಲ. ಪ್ರೀತಿ ಇರುವುದರಿಂದಲೇ ಯಾರೂ ಮಾತೆತ್ತುವುದಿಲ್ಲ.

ಆಗ ಎರಡೂ ಭಾಷೆಗಳಲ್ಲಿ ಒಂದು ಸೌಮ್ಯವಾದ ಮಾತು ಕೆಲಸಕ್ಕೆ ಬರುತ್ತದೆ. ಕನ್ನಡದಲ್ಲಿ "ನೋಡಮ್ರಿ", ಮರಾಠಿಯಲ್ಲಿ "ಬಘೂ". ಎರಡಕ್ಕೂ ಅರ್ಥ ನೋಡೋಣ ಎಂದು. ಎರಡರಲ್ಲೂ ನೋಡುವುದೊಂದನ್ನು ಬಿಟ್ಟು ಉಳಿದ ಅರ್ಥವೆಲ್ಲ ಇದೆ. ನಮ್ಮಲ್ಲಿ ಆದದ್ದು ಹೀಗೆ. ಗುರುಜಿ ನಿವೃತ್ತರಾಗಿ ಲಾತೂರಿನಲ್ಲಿ ಮನೆ ಕಟ್ಟಿದರು. ಮೊದಲ ವರ್ಷ ಬಂದರು, ಎರಡನೆಯ ವರ್ಷ ಗಂಡ ಹೆಂಡತಿಯಲ್ಲಿ ಒಬ್ಬರೇ ಬಂದರು, ಮೂರನೆಯ ವರ್ಷ "ಬಘೂ" ಎಂದರು. ಬರ ಬಿದ್ದ ವರ್ಷ, 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದರಲ್ಲ, ಅದರ ಹಿಂದಿನ ಎಳ್ಳಮಾಸಿಗೆ ಹೊಲದಲ್ಲಿ ಪೂಜಿಸಲು ಪೈರೇ ಇರಲಿಲ್ಲ. ಗೆಳೆಯ ಒಬ್ಬನೇ ಹೋಗಿ ಚರಗ ಚೆಲ್ಲಿ ಬಂದ. ಒಂದು ವರ್ಷದ ಮಟ್ಟಿಗೆ ಎಂದು ಎಲ್ಲರೂ ತಿಳಿದಿದ್ದೆವು. ಮುಂದಿನ ವರ್ಷ ಮಳೆ ಬಂತು, ಬೆಳೆಯೂ ಬಂತು, ಆದರೆ ಹಿಂದಿನ ಸಂಜೆ ಬಾಗಿಲಿಗೆ ಬಂದು ಕರೆಯುವವರು ಬರಲಿಲ್ಲ. ಅವನ ಮನೆಯವರ ಮೊಣಕಾಲು ಆಗಲೇ ಕೆಟ್ಟಿತ್ತು. ಇಪ್ಪತ್ತು ಜನರನ್ನು ಕರೆದು ಅವರನ್ನು ಬೆಳಗಿನ ಜಾವ ಮೂರಕ್ಕೆ ಎಬ್ಬಿಸುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಆ ದಿನ ಮಾಡಿದ ಭಜ್ಜಿಯನ್ನು ನಾವು ಮನೆಯಲ್ಲೇ ಉಂಡೆವು. ಆ ವಿಷಯವಾಗಿ ಇಂದಿನವರೆಗೆ ನಮ್ಮ ನಡುವೆ ಒಂದು ಮಾತೂ ಆಗಿಲ್ಲ.

ಇದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಬ್ಯಾಂಕಿನಲ್ಲಿ ಖಾತೆ ಮುಚ್ಚುವುದು ಬೇರೆ, ಖಾತೆ ನಿಷ್ಕ್ರಿಯವಾಗುವುದು ಬೇರೆ. ಮುಚ್ಚಬೇಕಾದರೆ ಅರ್ಜಿ ಬರೆದು ರುಜು ಹಾಕಬೇಕು. ನಿಷ್ಕ್ರಿಯವಾಗಲು ಏನೂ ಮಾಡಬೇಕಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರ ರೊಕ್ಕ ಇಡದೆ, ತೆಗೆಯದೆ ಇದ್ದರೆ ಸಾಕು, ತಾನಾಗಿಯೇ ಆಗುತ್ತದೆ. ಬ್ಯಾಂಕು ತಾನೇ ಬಡ್ಡಿ ಜಮಾ ಮಾಡುತ್ತಲೇ ಇರುತ್ತದೆ, ಅದು ಖಾತೆದಾರನ ವ್ಯವಹಾರ ಎಂದು ಲೆಕ್ಕಕ್ಕೆ ಬರುವುದಿಲ್ಲ. ಈಗ ಎಳ್ಳಮಾಸಿಯ ಬೆಳಿಗ್ಗೆ ನಮ್ಮ ಫೋನುಗಳಲ್ಲಿ ಹತ್ತಾರು ಕೊಂಪಿಗಳ ಚಿತ್ರ, ಶುಭಾಶಯ ಬರುತ್ತವೆ. ಅವು ಆ ಬಡ್ಡಿಯಂತೆ. ಹತ್ತು ವರ್ಷ ದಾಟಿದರೆ ಹಣ ರಿಸರ್ವ್ ಬ್ಯಾಂಕು 2014ರಲ್ಲಿ ಮಾಡಿದ ಒಂದು ನಿಧಿಗೆ ಹೋಗುತ್ತದೆ. ಆಗಲೂ ಹಕ್ಕು ಹೋಗುವುದಿಲ್ಲ, ಖಾತೆದಾರ ಕಾಗದಪತ್ರ ಸಹಿತ ಬಂದು ಕೇಳಿದರೆ ಕೊಡಬೇಕು. ಆದರೆ ಅವನೇ ಬರಬೇಕು.

ಇದಕ್ಕೆ ತದ್ವಿರುದ್ಧವಾದುದನ್ನೂ ನಮ್ಮ ಸೀಮೆ ಕಂಡಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ. ಔಸಾ, ಉಮರಗಾ ತಾಲೂಕುಗಳ ಊರುಗಳು ನೆಲಸಮವಾದವು, ಹತ್ತಿರ ಹತ್ತಿರ ಹತ್ತು ಸಾವಿರ ಜನ ತೀರಿಹೋದರು. ಐವತ್ತೆರಡು ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಹೊಸ ಊರಿನ ಮನೆಗಳಿಗೆ ಹೊಲದ ಹಿಡುವಳಿಯ ಪ್ರಕಾರ ಅಳತೆ, ಹೊಲವಿಲ್ಲದವರಿಗೆ 250 ಚದರ ಅಡಿ, ದೊಡ್ಡ ಹಿಡುವಳಿಯವರಿಗೆ 750. ಅಲ್ಲಿ ಒಂದು ಪಂಕ್ತಿ ಮತ್ತೆ ಕೂಡದಿದ್ದರೆ ಯಾಕೆ ಎಂದು ಯಾರೂ ಕೇಳಬೇಕಿರಲಿಲ್ಲ. ಅತ್ತರು, ಒಬ್ಬರನ್ನೊಬ್ಬರು ಸಮಾಧಾನ ಮಾಡಿದರು. ನಮ್ಮದು ಆ ದೊಡ್ಡ ದುಃಖದ ಮುಂದೆ ಹೇಳಿಕೊಳ್ಳುವಂಥದ್ದೇ ಅಲ್ಲ. ಅಳುವಷ್ಟು ದೊಡ್ಡದಲ್ಲ, ಮರೆಯುವಷ್ಟು ಸಣ್ಣದೂ ಅಲ್ಲ. ಅದಕ್ಕೇ ಎಲ್ಲರೂ ಒಳಗೇ ಇಟ್ಟುಕೊಳ್ಳುತ್ತಾರೆ. ಕೆಲವರು "ಅವರಿಗೆ ರೊಕ್ಕ ಬಂದ ಮೇಲೆ ನಾವು ಬೇಡವಾದೆವು" ಎಂದು ತಿಳಿದು ಮುನಿಸಿಕೊಳ್ಳುತ್ತಾರೆ. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಕಡೆ ಅದು ಸುಳ್ಳು. ರೊಕ್ಕವಲ್ಲ, ಮೊಣಕಾಲು, ಪರೀಕ್ಷೆ, ಕಣಕಿ.

ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಲ ಇದ್ದವನಿಗೆ ಪಂಕ್ತಿ ಹೋದರೂ ಹಬ್ಬ ಉಳಿಯುತ್ತದೆ. ಹೊಲ ಇಲ್ಲದವನಿಗೆ ಪಂಕ್ತಿ ಹೋದರೆ ಹಬ್ಬವೇ ಹೋದಂತೆ. ನಮ್ಮ ನಾಲ್ವರಲ್ಲಿ ಈಗ ವಲಾಂಡಿಯಲ್ಲಿ ಉಳಿದವರು ಇಬ್ಬರು, ದರ್ಜಿ ಮತ್ತು ನಾನು. ಇಬ್ಬರಿಗೂ ಹೊಲವಿಲ್ಲ. ಹೊಲದ ಗೆಳೆಯ ಹೆಂಡತಿಯ ಉಪಚಾರಕ್ಕೆಂದು ಮಗನ ಹತ್ತಿರ ಪುಣೆಗೆ ಹೋಗಿ ಅಲ್ಲೇ ನಿಂತಿದ್ದಾನೆ. ಅವನ ಆರು ಎಕರೆಯನ್ನು ಇನ್ನೊಬ್ಬರು ಪಾಲಿಗೆ ಮಾಡುತ್ತಾರೆ. ಭೂಮಿಯ ಕೆಲಸ ನಿಲ್ಲುವುದಿಲ್ಲ ಎಂದೆನಲ್ಲ, ಈಗ ಅವರೇ ಅಲ್ಲಿ ಕೊಂಪಿ ಕಟ್ಟಿ ಚರಗ ಚೆಲ್ಲುತ್ತಾರೆ. ಮೊದಲ ವರ್ಷ ಅವರು ನಮ್ಮಿಬ್ಬರನ್ನು ಮರ್ಯಾದೆಯಿಂದ ಕರೆದರು. ಹೋದೆವು, ಚೆನ್ನಾಗಿ ಉಂಡೆವು. ಅಲ್ಲಿ ಅವರ ಗೆಳೆಯರು, ಅವರ ಮಾತು, ಅವರ ನಗೆ. ನಾವು ಅತಿಥಿಗಳು. ಬರುವಾಗ ದರ್ಜಿ, "ಭಜ್ಜಿ ಬೇಷ್ ಆಗಿತ್ತ್ರಿ" ಎಂದ. ಮುಂದಿನ ವರ್ಷ ಅವರು ಕರೆದಾಗ ನಾವು "ನೋಡಮ್ರಿ" ಎಂದೆವು.

ಈಗ ಎಳ್ಳಮಾಸಿಯ ಮಧ್ಯಾಹ್ನ ನಾನು ಒಂದು ಸ್ಟೀಲಿನ ಡಬ್ಬಿಯಲ್ಲಿ ಅಂಬಲಿ ತೆಗೆದುಕೊಂಡು ಅವನ ಅಂಗಡಿಗೆ ಹೋಗುತ್ತೇನೆ. ಊರು ಖಾಲಿ ಇರುತ್ತದೆ, ಗಿರಾಕಿ ಬರುವುದಿಲ್ಲ. ಪುಣೆಯಿಂದ ಫೋನು ಬರುತ್ತದೆ. ತೊಗರಿ ಹೇಗಿದೆ, ಕಡಲೆಗೆ ಹುಳ ಬಿದ್ದಿದೆಯೇನು ಎಂದು ಕೇಳುತ್ತಾನೆ. ಅದನ್ನು ಹೇಳಬೇಕಾಗುತ್ತದೆಂದು ನಾವು ಹಿಂದಿನ ಸಂಜೆಯೇ ಆ ಹೊಲದ ತನಕ ಅಡ್ಡಾಡಿ ನೋಡಿ ಬಂದಿರುತ್ತೇವೆ.